ಮಶೀನು ಏನೂ ಇಲ್ಲ ಅಂದ ವರ್ಷ

ಅಕ್ಕನ ಎದೆಯಲ್ಲಿ ಗಂಟಿದೆ ಎಂಬುದು ನನಗೆ ಗೊತ್ತಾದದ್ದು ಫೋನಿನಲ್ಲಿ, ಅದೂ ನಗೆಯ ಮಾತಾಗಿ. ಔರಾದಿಗೆ ದೊಡ್ಡ ಗಾಡಿಯೊಂದು ಬಂದಿತ್ತಂತೆ. ಅದರೊಳಗೆ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು, ಎದೆಯನ್ನು ಎರಡು ಹಲಗೆಗಳ ನಡುವೆ ಅದುಮಿ ಫೋಟೋ ತೆಗೆದರಂತೆ. ರೊಟ್ಟಿ ತಟ್ಟಿದ ಹಾಗೆ ತಟ್ಟಿದರು ಎಂದು ಅಕ್ಕ ಬಹಳ ಹೊತ್ತು ನಕ್ಕಳು. ಫೋನು ಇಡುವ ಮುಂಚೆ, ಎಡಗಡೆ ಹುಣಸೆಬೀಜದಷ್ಟು ಏನೋ ಕೈಗೆ ಹತ್ತುತ್ತಿತ್ತು, ಅದೇನೂ ಅಲ್ಲವಂತೆ, ಮಶೀನು ಏನೂ ಇಲ್ಲ ಅಂದಿದೆ, ಎಂದಳು.

ಈ ಮಾತು ಯಾವ ದಿನದ್ದು ಎಂದು ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ನಾನು ಬೀದರಿನ ನಮ್ಮ ಓಣಿಯಲ್ಲಿ, ಟ್ಯಾಂಕರಿನ ಮುಂದೆ ಕೊಡಗಳ ಸಾಲಿನಲ್ಲಿ ನಿಂತಿದ್ದೇನೆ, ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದೇನೆ. ಆದರೆ ಬರ ಬಿದ್ದು ಪಕ್ಕದ ಲಾತೂರಿಗೆ ರೈಲಿನಲ್ಲಿ ನೀರು ಕಳಿಸಿದ್ದು ಆ ಫೋನಿನ ಮುಂದಿನ ಬೇಸಿಗೆಯಲ್ಲಿ. ನಮ್ಮ ಓಣಿಗೆ ಟ್ಯಾಂಕರು ದಿನಾ ಬರತೊಡಗಿದ್ದೂ ಆಗಲೇ ಇರಬೇಕು. ಅಕ್ಕ ಫೋನು ಮಾಡಿದ್ದು ದಸರೆ ಕಳೆದ ಹೊಸತರಲ್ಲಿ. ಎರಡು ಬೇರೆ ದಿನಗಳನ್ನು ನಾನು ಒಂದಕ್ಕೊಂದು ಹೊಲಿದಿರಬಹುದು. ದಿನಚರಿ ಬರೆಯುವ ಅಭ್ಯಾಸವಿದ್ದರೂ ಆ ವಾರದ ಪುಟಗಳಲ್ಲಿ ಕಾಲೇಜಿನ ಪರೀಕ್ಷೆಯ ಗೋಳು ಬಿಟ್ಟರೆ ಬೇರೇನೂ ಇಲ್ಲ. ಇಷ್ಟಂತೂ ನಿಜ: ನಾನು ನಗಲಿಲ್ಲ, ಮತ್ತು ನಾನು ನಗಲಿಲ್ಲವೆಂದು ಅಕ್ಕನಿಗೆ ಸಿಟ್ಟು ಬಂತು.

ನಗದಿರಲು ಕಾರಣವಿತ್ತು. ಅದರ ಹಿಂದಿನ ವರ್ಷ ಎದೆನೋವೆಂದು ನಾನೇ ಬೀದರಿನಲ್ಲಿ ಮ್ಯಾಮೊಗ್ರಾಮ್ ಮಾಡಿಸಿಕೊಂಡಿದ್ದೆ. ಚಿತ್ರ ನೋಡಿದ ಡಾಕ್ಟರಮ್ಮ ಇದರಲ್ಲಿ ಏನೂ ಕಾಣುತ್ತಿಲ್ಲ ಎಂದರು. ನಾನು ಸೆರಗು ಸರಿಮಾಡಿಕೊಂಡು ಎದ್ದೆ. ಕುಳಿತುಕೊಳ್ಳಿ ಎಂದರು. ಏನೂ ಕಾಣುತ್ತಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ, ನಿಮ್ಮ ಸ್ತನದ ಅಂಗಾಂಶ ದಟ್ಟ, ಕೊಬ್ಬು ಕಡಿಮೆ; ಕೊಬ್ಬು ಚಿತ್ರದಲ್ಲಿ ಕಪ್ಪಾಗಿ ಬರುತ್ತದೆ, ದಟ್ಟ ಭಾಗ ಬೆಳ್ಳಗೆ ಬರುತ್ತದೆ, ಗಂಟೂ ಬೆಳ್ಳಗೇ ಬರುತ್ತದೆ ಎಂದು ವಿವರಿಸಿದರು. ಸುಣ್ಣ ಬಳಿದ ಗೋಡೆಯ ಮೇಲೆ ಒಂದು ಹನಿ ಸುಣ್ಣ ಬಿದ್ದರೆ ಹುಡುಕುವುದು ಹೇಗೆ ಎಂದು ನನ್ನನ್ನೇ ಕೇಳಿದರು. ಇದು ರೋಗವಲ್ಲ, ಎಷ್ಟೋ ಹೆಂಗಸರ ಮೈ ಇರುವುದೇ ಹೀಗೆ, ಮುಟ್ಟಿ ನೋಡಿದರೆ ತಿಳಿಯುವುದೂ ಇಲ್ಲ. ಇಂಥವರಿಗೆ ಆ ಒಂದು ಚಿತ್ರ ಸಾಲದು, ಸೋನೋಗ್ರಫಿಯನ್ನೂ ಮಾಡಬೇಕು. ನನಗೆ ಮಾಡಿದರು, ಏನೂ ಸಿಗಲಿಲ್ಲ. ಅವತ್ತು ನನಗೆ ಆದದ್ದು ಸಮಾಧಾನವಲ್ಲ, ಕಿರಿಕಿರಿ. ಅರ್ಧ ಜನರಲ್ಲಿ ಅರ್ಧ ಕುರುಡಾಗುವ ಯಂತ್ರವನ್ನು ಮಾಡಿ, ಅದನ್ನು ಎಲ್ಲರಿಗೂ ಒಂದೇ ಸಮನೆ ಹಿಡಿಯುವುದೇಕೆ ಎಂದು. ಅರ್ಧ ಎಂಬ ಮಾತು ಡಾಕ್ಟರಮ್ಮನದೋ ನನ್ನ ಸಿಟ್ಟಿನದೋ, ಈಗ ಹೇಳಲಾರೆ. ಸಿಟ್ಟಿನದೇ ಇರಬೇಕು.

ಇದನ್ನೆಲ್ಲ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ನಾವಿಬ್ಬರೂ ಒಂದೇ ತಾಯಿಯ ಮಕ್ಕಳು, ನನ್ನ ಮೈ ಹೀಗಿದ್ದರೆ ನಿನ್ನದೂ ಹೀಗೇ ಇರಬಹುದು, ಕೈಗೆ ಹತ್ತುವ ಗಂಟನ್ನು ಚಿತ್ರ ನೋಡಿ ಬಿಡಬಾರದು ಎಂದೆ. ಅವಳು ಕೇಳಿಸಿಕೊಂಡಳು ಎಂದುಕೊಂಡೆ.

“ಮಶೀನಿಗಿಂತ ನೀ ಶಾಣ್ಯಾಕಿ ಆದೇನು? ಅದು ಇಲ್ಲ ಅಂದಾದ. ನೀ ಯಾಕ ಅದ ಅಂತ ಕುಂತಿ?”

ಅಕ್ಕ ಏಳನೇ ಇಯತ್ತೆ ಮುಗಿಸಿ ಔರಾದಿನ ಕಡೆಯ ಹಳ್ಳಿ ಡಾಬಕಾಕ್ಕೆ ಸೊಸೆಯಾಗಿ ಹೋದವಳು. ನಾನು ಗುಲಬರ್ಗಾದಲ್ಲಿ ಎಂ.ಎ. ಮಾಡಿ ಬೀದರಿನ ಕಾಲೇಜಿನಲ್ಲಿ ಪಾಠ ಮಾಡುವವಳು. ನಮ್ಮ ಜಗಳಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ. ಅವಳಿಗೆ ನಾನು ಹೆಚ್ಚು ಓದಿದ್ದರ ಬಗ್ಗೆ ಹೆಮ್ಮೆಯಿದೆ, ಆ ಓದು ತನ್ನ ಮನೆಯೊಳಕ್ಕೆ ಬಂದರೆ ಮಾತ್ರ ಸಹನೆಯಿಲ್ಲ.

ಆ ವರ್ಷ ಅವಳಿಗೆ ಅವಸರವೂ ಇತ್ತು. ಹೊಲದಲ್ಲಿ ಉದ್ದು, ಸೋಯಾ ಎರಡೂ ಒಣಗಿದ್ದವು. ಭಾವ ಮತ್ತು ಅಕ್ಕ ಪ್ರತಿ ವರ್ಷದಂತೆ ಮಹಾರಾಷ್ಟ್ರದ ಕಡೆ ಕಬ್ಬು ಕಡಿಯಲು ಹೋಗುವವರಿದ್ದರು. ಈ ಕೆಲಸದಲ್ಲಿ ಒಬ್ಬರಿಗೆ ಲೆಕ್ಕವಿಲ್ಲ. ಗಂಡ ಹೆಂಡತಿ ಸೇರಿ ಒಂದು ಕೋಯ್ತಾ. ಕೋಯ್ತಾ ಎಂದರೆ ಕಬ್ಬು ಕಡಿಯುವ ಕುಡುಗೋಲು. ಆದರೆ ಕೂಲಿಗಳ ಗುಂಪಿನಲ್ಲಿ, ಅಂದರೆ ಟೋಳಿಯಲ್ಲಿ, ಆ ಹೆಸರು ಜೋಡಿಯದು. ಅವನು ಕಡಿಯುತ್ತ ಹೋಗಬೇಕು, ಅವಳು ಸುಲಿದು ಕಟ್ಟಿ ತಲೆಯ ಮೇಲೆ ಹೊತ್ತು ಲಾರಿಗೆ ಏರಿಸಬೇಕು. ಒಬ್ಬರು ಬಿದ್ದರೆ ಇನ್ನೊಬ್ಬರೂ ಕೂತಂತೆ. ಬರದಿಂದ ಆ ವರ್ಷ ಕಬ್ಬೂ ಕಡಿಮೆ, ಹೋಗಲು ಕಾದಿದ್ದ ಜನ ಮಾತ್ರ ಬಹಳ. ಹೀಗಾಗಿ ಟೋಳಿ ಕಟ್ಟುವ ಮುಕಾದಮ ಜೋಡಿಗಳನ್ನು ಆರಿಸಿ ಆರಿಸಿ ತೆಗೆದುಕೊಳ್ಳುತ್ತಿದ್ದ.

ಔರಾದಿಗೆ ತಪಾಸಣೆಯ ಗಾಡಿ ಬರುತ್ತದೆಂದು ತಿಳಿದಾಗ ಅವನಿಗೆ ಹೊಳೆದದ್ದು ಇದು: ತನ್ನ ಟೋಳಿಯ ಹೆಂಗಸರನ್ನೆಲ್ಲ ಅಲ್ಲಿಗೆ ಕಳಿಸುವುದು, ಏನೂ ಇಲ್ಲ ಎಂದು ಬಂದವರನ್ನು ಕರೆದೊಯ್ಯುವುದು. ಹಿಂದಿನ ಹಂಗಾಮಿನಲ್ಲಿ ಒಬ್ಬಾಕೆ ಕಾಯಿಲೆ ಬಿದ್ದು ನಡುವೆಯೇ ಮರಳಿದ್ದಳು, ಅದರ ತಾಪತ್ರಯ ಅವನಿಗೆ ಬೇಡವಾಗಿತ್ತು. ಯಾರೋ ಪುಣ್ಯವಂತರು ರೋಗ ಹುಡುಕಲು ತಂದ ಗಾಡಿ ಡಾಬಕಾದವರ ಪಾಲಿಗೆ ಕಬ್ಬಿಗೆ ಹೋಗುವ ಪಾಸು ಕೊಡುವ ಗಾಡಿಯಾಯಿತು. ಹೆಂಗಸರು ಅಲ್ಲಿ ತಮಗೇನಾಗಿದೆ ಎಂದು ತಿಳಿಯಲು ಸಾಲು ನಿಲ್ಲಲಿಲ್ಲ, ತಮಗೇನೂ ಆಗಿಲ್ಲ ಎಂದು ಹೇಳಿಸಿಕೊಳ್ಳಲು ನಿಂತರು.

ಆ ಗಾಡಿಯವರ ಫೋನ್ ನಂಬರನ್ನು ಔರಾದಿನ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಹುಡುಕಿ ಕೊಟ್ಟಳು. ಎತ್ತಿದವರು ಗಂಡಸು, ಸಭ್ಯರು. ನನ್ನ ಸಿಟ್ಟನ್ನು ಪೂರ್ತಿ ಕೇಳಿ, ಅಕ್ಕನ ದಾಖಲೆ ತೆಗೆದು ನೋಡಿದರು. ನಿಮ್ಮ ಅಕ್ಕನವರ ಚಿತ್ರ ದಟ್ಟವಾಗಿದೆ ನಿಜ, ದಟ್ಟವಿದ್ದಾಗ ಚಿಕ್ಕದೊಂದು ತಪ್ಪಿಹೋಗಬಹುದು ಎಂಬುದೂ ನಿಜ, ಅದಕ್ಕೇ ನಾವು ಗಂಟು, ನೋವು, ಸೋರಿಕೆ ಏನಾದರೂ ಇದೆಯೇ ಎಂದು ಮೊದಲೇ ಕೇಳುತ್ತೇವೆ, ಇದೆ ಎಂದವರನ್ನು ಚಿತ್ರ ಹೇಗೇ ಇದ್ದರೂ ಮುಂದಕ್ಕೆ ಕಳಿಸುತ್ತೇವೆ, ನಿಮ್ಮ ಅಕ್ಕ ಏನೂ ಇಲ್ಲ ಎಂದಿದ್ದಾರೆ, ಎಂದು ಹೇಳಿದರು. ಇದರಲ್ಲಿ ಯಾವ ಮಾತನ್ನು ಹಿಡಿದು ಜಗಳವಾಡಲಿ? ದಟ್ಟ ಎಂಬುದನ್ನು ಅವಳಿಗೆ ಬಾಯಿಬಿಟ್ಟು ಹೇಳಿದಿರಾ ಎಂದು ಕೇಳಿದೆ. ಅಷ್ಟು ಜನಕ್ಕೆ ಅಷ್ಟೆಲ್ಲ ವಿವರಿಸಲು ಆಗುವುದಿಲ್ಲ ಮೇಡಂ ಎಂದರು. ಅದೂ ನಿಜವೇ.

ಭಾನುವಾರ ಬಸ್ಸು ಹಿಡಿದು ಡಾಬಕಾಕ್ಕೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಕಬ್ಬಿಗೆ ಒಯ್ಯುವ ಜೋಳದ ಹಿಟ್ಟನ್ನು ಚೀಲಕ್ಕೆ ತುಂಬುತ್ತಿದ್ದಳು. ಗಂಟಿಲ್ಲ ಎಂದು ಯಾಕೆ ಹೇಳಿದೆ ಎಂದು ಕೇಳಿದೆ. ತಲೆ ಎತ್ತದೆ ಹೇಳಿದಳು: “ಮುಕಾದಮನ ಹೆಣ್ತಿ ಗಾಡಿ ಪಾವಟಿಗಿ ಮ್ಯಾಲೇ ಕುಂತಿದ್ದಳು. ಆಕಿ ಕಿವಿಗಿ ಬೀಳಂಗ ಗಂಟದ ಅಂತ ಹೇಳ್ಲೇನು?” ನಂತರ, ಒಳಗೆ ಮಶೀನು ನೋಡುವುದು ಇದ್ದೇ ಇತ್ತಲ್ಲ, ಇದ್ದರೆ ಅದಕ್ಕೆ ತಾನಾಗಿ ಕಾಣುತ್ತಿತ್ತಲ್ಲ, ತಾನು ಹೇಳಿದರೇನು ಬಿಟ್ಟರೇನು, ಎಂದಳು. ಅವಳ ತರ್ಕದಲ್ಲಿ ದೋಷ ಹುಡುಕಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಶೀನು ಅವಳ ಮಾತನ್ನು ನಂಬಿತ್ತು, ಅವಳು ಮಶೀನನ್ನು ನಂಬಿದ್ದಳು. ಇಬ್ಬರ ನಡುವೆ ಹುಣಸೆಬೀಜದಷ್ಟು ಗಂಟು ಆರಾಮಾಗಿ ಕೂತಿತ್ತು.

ಊರಿನ ಬುದ್ಧವಿಹಾರದ ಮುಂದಿನ ಕಟ್ಟೆಯ ಮೇಲೆ ಮುಕಾದಮ ಸಿಕ್ಕ. ಮರಾಠಿ, ಕನ್ನಡ ಕಲಸಿ ಮೃದುವಾಗಿ ಮಾತಾಡುವ ಮನುಷ್ಯ. ಅಕ್ಕನ ಗಂಟಿನ ಹೆಸರೆತ್ತದೆ, ಆ ತಪಾಸಣೆಯನ್ನು ಹೀಗೆ ಬಳಸುವುದು ತಪ್ಪು, ಅದಕ್ಕೆ ಎಲ್ಲವೂ ಕಾಣುವುದಿಲ್ಲ ಎಂದು ಹೇಳಲು ನೋಡಿದೆ. ಇಷ್ಟು ದೊಡ್ಡ ಗಾಡಿ ತಂದವರಿಗಿಲ್ಲದ ಫಿಕರು ನಿಮಗೇಕೆ ಎಂದು ಅವನು ನಕ್ಕ, ನನಗೆ ಚಹಾ ತರಿಸಿದ. ಭಾವ ಅಷ್ಟೂ ಹೊತ್ತು ಪಕ್ಕದಲ್ಲೇ ನಿಂತು ನೆಲ ನೋಡುತ್ತಿದ್ದರು. ಮನೆಗೆ ಬಂದ ಮೇಲೆ ಒಂದೇ ಮಾತು ಹೇಳಿದರು: ಮಂಗಳವಾರ ಒಂದು ದಿನ ಅಕ್ಕನನ್ನು ಕರೆದುಕೊಂಡು ಹೋಗಿ ನಿಮಗೆ ಬೇಕಾದ್ದು ಮಾಡಿಸಿ, ಗುರುವಾರ ಕಬ್ಬಿಗೆ ಹೋಗುವ ಟ್ರಕ್ ಬರುತ್ತದೆ. ಅವರು ಕೆಟ್ಟವರಲ್ಲ. ಅಷ್ಟು ಕೊಟ್ಟದ್ದೇ ದೊಡ್ಡದು ಎಂದು ಆಗ ನನಗೆ ಅನಿಸಲಿಲ್ಲ, ಅಷ್ಟೇ.

ಬೀದರಿನಲ್ಲಿ ನಾನು ತೋರಿಸಿಕೊಂಡಿದ್ದ ಡಾಕ್ಟರಮ್ಮ ಊರಲ್ಲಿರಲಿಲ್ಲ. ದೊಡ್ಡ ದವಾಖಾನೆಯಲ್ಲಿ ಸರದಿ ಮುಂದಿನ ವಾರಕ್ಕೆ ಸಿಗುತ್ತಿತ್ತು. ಭಾಲ್ಕಿಯಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎದೆಯದನ್ನೂ ನೋಡುತ್ತಾರೆ ಎಂದು ಯಾರೋ ಹೇಳಿದರು. ಅಕ್ಕ ಕಮಲನಗರದ ಕಡೆಯಿಂದ ಬಂದಳು, ನಾನು ಬೀದರಿನಿಂದ ಹೋದೆ.

ಸೆಂಟರಿನ ಗೋಡೆಯ ತುಂಬ ಇಲ್ಲಿ ಗಂಡು ಹೆಣ್ಣು ಎಂದು ಹೇಳುವುದಿಲ್ಲ ಎಂಬ ಬೋರ್ಡುಗಳು, ಕೆಳಗೆ ಬಸುರಿಯರ ಸಾಲು. ಮೇಜಿನ ಹುಡುಗಿ ಹೆಸರು ಬರೆದುಕೊಂಡು, ಎಷ್ಟು ತಿಂಗಳು ಎಂದು ಕೇಳಿದಳು.

“ತಿಂಗಳಲ್ಲವ್ವ, ವರ್ಷ ಕೇಳು,” ಎಂದಳು ಅಕ್ಕ. “ಮಗಳ ಬಾಣಂತನ ಮಾಡೋ ವಯಸ್ಸು ನಂದು.”

ಬಸುರಿಯರು ನಕ್ಕರು. ಹುಡುಗಿ ನಗದೆ, ನೀರು ಕುಡಿದು ಕೂತಿರಿ, ಒತ್ತಡ ಬಂದಾಗ ಹೇಳಿ ಎಂದಳು. ಇದು ಎದೆಯ ಸ್ಕ್ಯಾನ್, ನೀರಿಗೂ ಇದಕ್ಕೂ ಸಂಬಂಧವಿಲ್ಲ ಎಂದೆ. ಎಲ್ಲರೂ ಕುಡಿಯುತ್ತಾರೆ ಎಂದಳು. ಅಲ್ಲಿ ಕುಡಿಯಲು ನೀರೇ ಇರಲಿಲ್ಲ. ಮೂಲೆಯ ಕ್ಯಾನು ಖಾಲಿಯಾಗಿ ವಾಲಿತ್ತು. ನಾನು ವಾದ ಮಾಡುತ್ತ ನಿಂತಿದ್ದಾಗಲೇ ಅಕ್ಕ ಹೊರಗೆ ಹೋಗಿ ಬಾಟಲಿ ಕೊಂಡು ತಂದು, ನನಗೆ ಬೆನ್ನು ತಿರುಗಿಸಿ ಕೂತು, ಪೂರ್ತಿ ಕುಡಿದು ಮುಗಿಸಿದಳು. ಬೇಡ ಎಂದರೆ ಕೇಳಲಿಲ್ಲ. ದವಾಖಾನೆಯವರು ಹೇಳಿದ್ದನ್ನು ಮಾಡಿದರೆ ಕೆಲಸ ಜಲ್ದಿ ಆಗುತ್ತದೆ ಎಂಬುದು ಅವಳ ಲೆಕ್ಕ. ಮಧ್ಯಾಹ್ನ ದಾಟುವವರೆಗೂ ಸರದಿ ಬರಲಿಲ್ಲ. ಎದ್ದು ಹೋಗಿ ಬಾ ಎಂದರೆ, ಹೋದರೆ ಮತ್ತೆ ಕುಡಿಯಬೇಕಾಗುತ್ತದೆ ಎಂದು ಹಲ್ಲು ಕಚ್ಚಿ ಕೂತಳು. ಒಳಗೆ ಡಾಕ್ಟರು ಎದೆಯದಕ್ಕೆ ನೀರು ಯಾಕೆ ಕುಡಿಸಿದಿರಿ ಎಂದು ಕೇಳಿದಾಗ ಅವಳು ನನ್ನ ಕಡೆ ನೋಡಿದ ನೋಟವನ್ನು ಯಾರಿಗೂ ವಿವರಿಸಲಾರೆ. ನಾನೇ ಕುಡಿಸಿದ್ದೆನೆಂಬಂತೆ.

ಡಾಕ್ಟರು ಎಡಗಡೆಯ ಮೇಲೆ ಅಂಟುನೀರು ಹಚ್ಚಿ ಉಪಕರಣವನ್ನು ಆಡಿಸುತ್ತ ಹೋದರು. ಒಂದು ಕಡೆ ನಿಲ್ಲಿಸಿದರು. ಹಿಂದೆ ಬಂದರು, ಮತ್ತೆ ಅಲ್ಲಿಗೇ ಹೋದರು. ಪರದೆಯಲ್ಲಿ ನನಗೆ ಬೂದುಬಣ್ಣದ ನಡುವೆ ಕರಿಯ ಮಚ್ಚೆಯೊಂದು ಕಂಡಿತು. ಈಗ ಕಣ್ಣು ಮುಚ್ಚಿದರೆ ಅದು ಬಹಳ ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕೇ ಅದನ್ನು ನಂಬುವುದಿಲ್ಲ. ಆಗ ಅಷ್ಟು ಸ್ಪಷ್ಟವಿರಲಿಲ್ಲ. ಗಂಟು ಇದೆ, ಅಂಚುಗಳು ಸರಿಯಾಗಿಲ್ಲ, ಸೂಜಿ ಹಾಕಿ ತುಣುಕು ತೆಗೆದು ಪರೀಕ್ಷೆ ಮಾಡಬೇಕು, ಅದು ಬೀದರಿನಲ್ಲಿ ಆಗುತ್ತದೆ, ತಡಮಾಡಬೇಡಿ ಎಂದರು. ಔರಾದಿನ ಗಾಡಿಯ ಮಶೀನು ಇಲ್ಲ ಅಂದಿತ್ತಲ್ಲ ಎಂದಳು ಅಕ್ಕ. ಅದು ಬೇರೆ ಮಶೀನು, ಇದು ಬೇರೆ, ನಿಮ್ಮಂಥವರಲ್ಲಿ ಅದಕ್ಕೆ ಕಾಣದ್ದು ಇದಕ್ಕೆ ಕಾಣುತ್ತದೆ, ಇದಕ್ಕೆ ಕಾಣದ ಕೆಲವು ಅದಕ್ಕೆ ಕಾಣುತ್ತವೆ ಎಂದು ಡಾಕ್ಟರು ವಿವರಿಸಿದರು.

“ಹಂಗಾದ್ರ ಖರೇ ಹೇಳೋ ಮಶೀನು ಯಾವುದ್ರಿ?”

ಎರಡೂ ಖರೇನೇ ಹೇಳುತ್ತವೆ ಎಂದರು. ಅಕ್ಕ ಸೆರಗು ಹೊದ್ದು ಎದ್ದುಬಿಟ್ಟಳು. ಅವಳಿಗೆ ಬಂದ ಸಿಟ್ಟು ನನಗೆ ಅರ್ಥವಾಯಿತು. ನನಗೂ ಒಮ್ಮೆ ಅದೇ ಬಂದಿತ್ತು.

ಭಾಲ್ಕಿಯ ಬಸ್ ನಿಲ್ದಾಣದಲ್ಲಿ ನಾವು ಜಗಳವಾಡಿದೆವು. ಬೀದರಿಗೆ ಹೋಗೋಣ, ಸರದಿ ಹಿಡಿದು ಸೂಜಿಯ ಪರೀಕ್ಷೆ ಮಾಡಿಸೋಣ ಎಂದು ನಾನು. ಡಾಬಕಾಕ್ಕೆ ಹೋಗಬೇಕು, ಹಿಟ್ಟು ಅರ್ಧ ಉಳಿದಿದೆ ಎಂದು ಅವಳು. “ಇಷ್ಟು ದಿವಸ ಇದ್ದದ್ದು ಇನ್ನೊಂದಿಷ್ಟು ದಿವಸ ಇರ್ತದ. ಕಬ್ಬು ಮುಗಿಸಿ ಬಂದು ನಿನ್ನ ಸೂಜಿ ಚುಚ್ಚಿಸ್ಕೊತೇನಿ.” ತಾನು ಹೋಗದಿದ್ದರೆ ಗಂಡ ಹೋಗುವಂತಿಲ್ಲ, ಗಂಡ ಹೋಗದಿದ್ದರೆ ಹೊಲದ ಮುಖ ನೋಡಿಕೊಂಡು ಕೂರಬೇಕು, ನಿನಗೆ ಕೋಯ್ತಾ ಎಂದರೆ ಗೊತ್ತೇನು, ಎಂದಳು. ಸಾಯುತ್ತೀ ಎಂದು ನಾನು ಹೇಳಿದೆನಂತೆ. ಅಕ್ಕ ಈಗಲೂ ಎಲ್ಲರ ಮುಂದೆ ಹೇಳುತ್ತಾಳೆ: ಬಸ್ ಸ್ಟ್ಯಾಂಡಿನಲ್ಲಿ ನಿಂತು ನನ್ನ ತಂಗಿ ನನಗೆ ಸಾಯುತ್ತೀ ಎಂದು ಒದರಿದಳು, ಮೂಸಂಬಿ ಮಾರುವವಳು ತಿರುಗಿ ನೋಡಿದಳು ಎಂದು. ನನಗೆ ಆ ಮಾತು ನೆನಪಿಲ್ಲ, ಮೂಸಂಬಿ ಮಾರುವವಳೂ ನೆನಪಿಲ್ಲ. ಆದರೆ ಅಂದಿದ್ದರೆ ಆ ಮಾತಿಗೆ ನಾನು ಈಗಲೂ ನಾಚುವುದಿಲ್ಲ. ಕಮಲನಗರದ ಬಸ್ಸು ಬಂತು, ಅವಳು ಹತ್ತಿದಳು. ಬಿಟ್ಟು ಹೋಗಲಾಗದೆ ನಾನೂ ಹತ್ತಿದೆ. ದಾರಿಯುದ್ದ ಅವಳು ಕಿಟಕಿಯ ಕಡೆ, ನಾನು ಕಂಡಕ್ಟರನ ಕಡೆ ನೋಡಿಕೊಂಡು ಹೋದೆವು.

ಮನೆಯಲ್ಲಿ ಭಾವನಿಗೆ ನಾನೇ ಹೇಳಿದೆ. ಅಂಗಾಂಶ, ದಟ್ಟತೆ, ಕಪ್ಪು, ಬಿಳುಪು, ಅಂಚು, ಎಲ್ಲವನ್ನೂ ತರಗತಿಯಲ್ಲಿ ಹೇಳುವಂತೆ ಬಿಡಿಸಿ ಹೇಳಿದೆ. ಅವರು ಕೇಳಿದರು, ಎದ್ದು ಹೊರಗೆ ಹೋದರು. ನನ್ನ ಮಾತಿಗೆ ಬೆಲೆ ಇಲ್ಲವೆಂದು ಅಕ್ಕನ ಮೇಲೆ ಮತ್ತೆ ಹರಿಹಾಯ್ದೆ. ಸ್ವಲ್ಪ ಹೊತ್ತಿಗೆ ಭಾವ ಮುಕಾದಮನನ್ನು ಕರೆದುಕೊಂಡೇ ಬಂದರು. ಅವನು ಒಳಗೆ ಬರಲಿಲ್ಲ, ಬಾಗಿಲ ಬಳಿ ನಿಂತ. ಅವನಿಗೆ ವಿವರಣೆ ಬೇಕಿರಲಿಲ್ಲ.

“ಎರಡನೇ ಮಶೀನಿಗಿ ಕಂಡಾದ ಅಂದ್ರ ಮುಗೀತವ್ವ. ಹಂಗಾಮಿನಾಗ ನೀ ಬಿದ್ರ ನಾ ಯಾರನ್ನ ತರ್ಲಿ?”

ಅಲ್ಲಿಗೆ ತೀರ್ಮಾನವಾಯಿತು. ಅಕ್ಕನನ್ನು ಟೋಳಿಯಿಂದ ತೆಗೆದ. ಮೊದಲ ಮಶೀನನ್ನು ಅವನು ಯಾವ ಕಾರಣಕ್ಕೆ ನಂಬಿದ್ದನೋ ಅದೇ ಕಾರಣಕ್ಕೆ ಎರಡನೆಯದನ್ನೂ ನಂಬಿದ. ನನ್ನ ಓದು, ಬಸ್ ನಿಲ್ದಾಣದ ಅರಚಾಟ, ಡಾಕ್ಟರ ಸೂಜಿಯ ಮಾತು, ಯಾವುದೂ ಮಾಡದ ಕೆಲಸವನ್ನು ಅವನ ಹಂಗಾಮಿನ ಲೆಕ್ಕಾಚಾರ ಒಂದು ಕ್ಷಣದಲ್ಲಿ ಮಾಡಿತು. ನನಗೆ ಸಂತೋಷವಾಗಬೇಕಿತ್ತು. ಅವನ ಕೊರಳಪಟ್ಟಿ ಹಿಡಿಯಬೇಕು ಅನಿಸಿತು. ಯಾಕೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಅಕ್ಕ ಬದುಕುವುದಕ್ಕಿಂತ ನನ್ನ ಮಾತು ಗೆಲ್ಲುವುದು ನನಗೆ ಬೇಕಿತ್ತೇ? ಹಾಗಲ್ಲ ಎಂದೇ ನಂಬಿದ್ದೇನೆ, ಪೂರ್ತಿ ಧೈರ್ಯದಿಂದ ಅಲ್ಲ.

ಭಾವ ಸಾಯಗಾಂವದಿಂದ ವಿಧವೆಯಾಗಿದ್ದ ತಮ್ಮ ಸೋದರಿಯನ್ನು ಕರೆಸಿಕೊಂಡು ಜೋಡಿ ಮಾಡಿಕೊಂಡರು. ಗುರುವಾರ ಟ್ರಕ್ ಹೋಯಿತು. ಅಕ್ಕ ನನ್ನ ಜೊತೆ ಬೀದರಿಗೆ ಬಂದಳು, ಬಂದಳು ಎನ್ನುವುದಕ್ಕಿಂತ ತರಲ್ಪಟ್ಟಳು. ತಾನು ತುಂಬಿದ ಹಿಟ್ಟಿನ ಚೀಲವನ್ನು ನಾದಿನಿ ಹೊತ್ತುಕೊಂಡು ಟ್ರಕ್ ಏರಿದ್ದು ಅವಳಿಗೆ ಗಂಟಿಗಿಂತ ಹೆಚ್ಚು ನೋವು ಮಾಡಿತ್ತು. ಸೂಜಿಯ ಪರೀಕ್ಷೆಯ ದಿನವೂ ಅದನ್ನೇ ಹೇಳಿದಳು: ಆಕೆಗೆ ಕಬ್ಬು ಕಟ್ಟಲು ಬರುವುದಿಲ್ಲ, ಹೊರೆ ನಡುವೆಯೇ ಬಿಚ್ಚುತ್ತದೆ ಎಂದು.

ಪರೀಕ್ಷೆಯ ಉತ್ತರ ಬರುವವರೆಗೆ ಅಕ್ಕ ನಮ್ಮ ಮನೆಯಲ್ಲೇ ಉಳಿದಳು. ಅವಳು ನನ್ನ ಪಾತ್ರೆಗಳನ್ನೆಲ್ಲ ಎರಡೆರಡು ಸಲ ಬೂದಿ ಹಾಕಿ ತಿಕ್ಕಿದಳು, ನೀರು ಹಾಳು ಮಾಡಬೇಡ ಎಂದು ನಾನು ರೇಗಿದೆ. ಕರೆ ಬಂದ ದಿನ ಡಾಕ್ಟರಮ್ಮ, ಆಗ ಊರಿಗೆ ಮರಳಿದ್ದರು, ನಮ್ಮಿಬ್ಬರನ್ನೂ ಎದುರು ಕೂರಿಸಿಕೊಂಡು ಹೇಳಿದರು. ಕ್ಯಾನ್ಸರೇ. ಚಿಕ್ಕದಿದೆ, ಹರಡಿದಂತೆ ಕಾಣುವುದಿಲ್ಲ, ಹೈದರಾಬಾದಿನಲ್ಲಿ ಆಪರೇಶನ್ ಮಾಡಿಸಿ. ಕಬ್ಬು ಮುಗಿಸಿ ಬಂದಿದ್ದರೆ ಹೇಗಿರುತ್ತಿತ್ತು ಎಂದು ನಾನು ಕೇಳಿದೆ. ಅದನ್ನು ಯಾರೂ ಹೇಳಲಾರರು ಎಂದರು.

ಅಕ್ಕ ನನ್ನ ಕಡೆ ತಿರುಗಿದಳು. “ಈಗ ನಿಂದು ಸಮಾಧಾನ ಆತೇನು?”

ಹೊರಗೆ ಬಂದು ಆಟೋದಲ್ಲಿ ಕೂತ ಮೇಲೆ ಅವಳು ನನ್ನ ಕೈ ಹಿಡಿದುಕೊಂಡಳು, ಮನೆ ಬರುವವರೆಗೂ ಬಿಡಲಿಲ್ಲ. ಇದು ಅವಳಿಗೆ ನೆನಪಿಲ್ಲವಂತೆ. ಹಿಡಿದುಕೊಂಡದ್ದು ನೀನು ಎನ್ನುತ್ತಾಳೆ.

ಭಾವ ಕಬ್ಬಿನ ಹೊಲದಿಂದ ನೇರ ಹೈದರಾಬಾದಿಗೆ ಬಂದರು, ಕೈತುಂಬ ಕಬ್ಬಿನ ಎಲೆ ಕೊಯ್ದ ಗೀರುಗಳು. ಆಪರೇಶನ್ ಮಾಡಿ ಎಡಗಡೆಯದನ್ನು ತೆಗೆದರು, ಔಷಧಿಗಳಾದವು, ಕೂದಲು ಹೋಗಿ ಬಂತು. ಅಕ್ಕ ಮತ್ತೆ ಕಬ್ಬಿಗೆ ಹೋಗಲಿಲ್ಲ. ಮುಕಾದಮ ಮರುವರ್ಷವೂ ಹೆಂಗಸರನ್ನು ತಪಾಸಣೆಗೆ ಕಳಿಸಿದ. ಅಕ್ಕನಿಗಾದದ್ದನ್ನು ಕಂಡ ಮೇಲೂ ಅವರು ಗಾಡಿಯ ಮೆಟ್ಟಿಲು ಹತ್ತುವಾಗ ಗಂಟಿಲ್ಲ, ನೋವಿಲ್ಲ ಎಂದೇ ಹೇಳಿದರಂತೆ. ಅವರೊಡನೆ ಜಗಳವಾಡಲು ಈಗ ನಾನು ಹೋಗುವುದಿಲ್ಲ, ಅಕ್ಕ ಹೋಗುತ್ತಾಳೆ. ಅವರೂ ಅವಳ ಮಾತು ಕೇಳುವುದಿಲ್ಲ.

ಉಳಿದ ಬಲಗಡೆಯದೂ ದಟ್ಟವೇ. ವರ್ಷಕ್ಕೊಮ್ಮೆ ಬೀದರಿಗೆ ಬಂದು ತೋರಿಸಿಕೊಳ್ಳುತ್ತಾಳೆ. ಹೋದ ಸಲ ನಮ್ಮ ಡಾಕ್ಟರಮ್ಮನ ಬದಲು ಹೊಸಬರೊಬ್ಬರಿದ್ದರು. ಚಿತ್ರವನ್ನು ಬೆಳಕಿಗೆ ಹಿಡಿದು, ಏನೂ ಕಾಣಲಿಲ್ಲಮ್ಮ, ಹೋಗಿ ಬನ್ನಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೇಳಿದಳು.

“ಏನೂ ಕಾಣಲಿಲ್ಲ ಅಂದ್ರ, ಇಲ್ಲ ಅಂತೇನ್ರಿ, ಇದ್ರಾಗ ಕಾಣಂಗಿಲ್ಲ ಅಂತೇನ್ರಿ?”

ಹೊಸ ಡಾಕ್ಟರು ಬಾಗಿಲ ಕಡೆ ನೋಡಿದರು. ಹೊರಗೆ ಸರದಿ ಉದ್ದವಿತ್ತು, ಯಾರೋ ಬೇಗ ಬೇಗ ಎಂದು ಗೊಣಗುತ್ತಿದ್ದರು. ಅಕ್ಕ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕುರ್ಚಿಯಲ್ಲಿ ಇನ್ನಷ್ಟು ಒಳಗೆ ಸರಿದು ಕೂತಳು. ಅವರು ಚಿತ್ರವನ್ನು ಮತ್ತೆ ಕೈಗೆತ್ತಿಕೊಂಡರು.